ಆಫೀಸಲ್ಲಿ ಆದಿವಾಸಿ ಸಹೋದ್ಯೋಗಿನ ಹಗುರವಾಗಿ ಮಾತಾಡಿದ್ರೆ ಏನ್ ಮಾಡ್ಬೇಕು

ನೇರ ಬೈಗುಳ ಎಲ್ಲರಿಗೂ ಗೊತ್ತಾಗತ್ತೆ, ಕಷ್ಟ ಇರೋದು ನಗ್ತಾ ನಗ್ತಾ ಹೇಳೋ ಮಾತಲ್ಲಿ. "ನಿನ್ನ ನೋಡಿದ್ರೆ ಸೋಲಿಗ ಅನ್ಸೋದೇ ಇಲ್ಲ ಗುರು" ಅಂತ ಹೊಗಳೋ ಥರ ಹೇಳೋದು, ಪ್ರಮೋಷನ್ ಸಿಕ್ರೆ "ಕೋಟಾ ಬಿಡು" ಅನ್ನೋದು, ಸಿದ್ದಿ ಹುಡುಗಿಗೆ "ಯಾವ ಆಫ್ರಿಕಾ ನಿಂದು, ಕನ್ನಡ ಚೆನ್ನಾಗಿದ್ಯಲ್ಲ" ಅನ್ನೋದು. ಸಿದ್ದಿಗಳ ಪೂರ್ವಜರು ಆಫ್ರಿಕಾದಿಂದ ಬಂದಿರ್ಬಹುದು, ಆದ್ರೆ ಅವ್ರು ತಲೆತಲಾಂತರದಿಂದ ಉತ್ತರ ಕನ್ನಡದೋರು, 2003ರಲ್ಲಿ ಎಸ್‌ಟಿ ಪಟ್ಟಿಗೂ ಸೇರಿದ್ದಾರೆ, ಇನ್ನೇನ್ ಬೇಕಂತೆ! ಆನ್ಯುಯಲ್ ಡೇ ಬಂದ್ರೆ ಮಾತ್ರ ಡಮಾಮಿ ಕುಣಿತಕ್ಕೆ ಅವ್ರೇ ಬೇಕು, ಕ್ಲೈಂಟ್ ಮೀಟಿಂಗಿಗೆ ಬೇಡ.

ಮೊದ್ಲು ನಗಬೇಡಿ. "ಇದ್ರಲ್ಲಿ ತಮಾಷೆ ಏನು, ಸ್ವಲ್ಪ ಬಿಡಿಸಿ ಹೇಳಿ" ಅಂತ ತಣ್ಣಗೆ ಕೇಳಿ, ಮುಕ್ಕಾಲು ಜನ ಅಲ್ಲೇ ತಡವರಿಸ್ತಾರೆ. ಆಮೇಲೆ ಆ ಮಾತು ಅನ್ನಿಸ್ಕೊಂಡವ್ರ ಹತ್ರ ಒಬ್ರೇ ಇದ್ದಾಗ ಹೋಗಿ, ಏನ್ ಮಾಡಣ ಅಂತ ಕೇಳಿ, ಅವ್ರನ್ನ ಕೇಳದೇ ಹೀರೋ ಥರ ಎಚ್‌ಆರ್ ಹತ್ರ ಓಡ್ಬೇಡಿ, ಕೊನೆಗೆ ಏಟು ತಿನ್ನೋರು ಅವ್ರೇ.

ಅವತ್ತೇ ಬರೆದಿಡಿ: ತಾರೀಖು, ಆಡಿದ ಮಾತು ಇದ್ದಹಾಗೇ, ಯಾರ್ಯಾರು ಕೇಳಿಸ್ಕೊಂಡ್ರು. ದೂರು ಬಾಯಲ್ಲಲ್ಲ, ಇಮೇಲಲ್ಲೇ. ಎಸ್‌ಸಿ ಎಸ್‌ಟಿ ಅಲ್ಲದವ್ರು ಜಾತಿ ಹೆಸರು ಹಿಡಿದು ಬೈದ್ರೆ 1989ರ ದೌರ್ಜನ್ಯ ತಡೆ ಕಾಯ್ದೆ ಪ್ರಕಾರ ಕ್ರೈಮ್, ಆದ್ರೆ ಅದು ಹೊರಗಿನೋರು ನೋಡೋ, ಕೇಳೋ ಜಾಗದಲ್ಲಿ ಆಗಿರ್ಬೇಕು, ಮುಚ್ಚಿದ ಕ್ಯಾಬಿನಲ್ಲಿ ಇಬ್ರೇ ಇದ್ದಾಗ ಅಂದಿದ್ದು ಈ ಸೆಕ್ಷನ್ನಲ್ಲಿ ನಿಲ್ಲೋದು ಕಷ್ಟ, ಅದಕ್ಕೇ ನಿಮ್ಮ ಸಾಕ್ಷಿಗೆ ಅಷ್ಟು ಬೆಲೆ. ಎಚ್‌ಆರ್ ಸುಮ್ನಿದ್ರೆ ಎಸ್‌ಸಿ ಎಸ್‌ಟಿ ದೌರ್ಜನ್ಯದ ದೂರಿಗೇ ಅಂತ 14566 ಸಹಾಯವಾಣಿ ಇದೆ, ಇಲ್ಲಾಂದ್ರೆ ನೇರ ಪೊಲೀಸ್ ಸ್ಟೇಷನ್ನು.