11ನೇ ತಾರೀಕು, 20ನೇ ತಾರೀಕು, ಮತ್ತೆ ಎಂ.ಕಾಂ.

ಜಿಎಸ್‌ಟಿ ಕೆಲಸ ಮಾಡುವವರಿಗೆ ತಿಂಗಳು ಅಂದರೆ ಎರಡೇ ತಾರೀಕು. 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ; ಮೊದಲನೆಯದು ಮಾರಾಟದ ವಿವರ, ಎರಡನೆಯದು ತಿಂಗಳ ತೆರಿಗೆಯ ಲೆಕ್ಕ, ಎರಡೂ ಸರ್ಕಾರಕ್ಕೆ ಸಲ್ಲಿಸುವ ರಿಟರ್ನು. ಕಾಸರಗೋಡು ಹೊಸ ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಟ್ಯಾಕ್ಸ್ ಆಫೀಸಿನಲ್ಲಿ ಸಂಜೆ ನಾಲ್ಕರಿಂದ ಎಂಟರವರೆಗೆ ನನ್ನ ಕೆಲಸ, ಶನಿವಾರ ಇಡೀ ದಿನ. ಉಳಿದ ಹಗಲು ಎಂ.ಕಾಂ. ಕ್ಲಾಸು. ರಾತ್ರಿ ಚೆರ್ಕಳ ದಾರಿಯಾಗಿ ಬದಿಯಡ್ಕದ ಬಸ್ಸು. ಫೀಸು, ಬಸ್ಸಿನ ಖರ್ಚು ಎಲ್ಲ ಈ ಸಂಬಳದಲ್ಲೇ ಆಗಬೇಕಾದ್ದರಿಂದ ಕೆಲಸ ಬಿಡುವ ಪ್ರಶ್ನೆ ಇರಲಿಲ್ಲ. ಹಾಗೆ ಎರಡನ್ನೂ ಹೊತ್ತು ಬಂದ ದಣಿವನ್ನು, ಬರ್ನೌಟ್ ಅನ್ನುತ್ತಾರಲ್ಲ ಅದನ್ನು, ನಿಭಾಯಿಸಿದ ಬಗೆ ಇದು.

ಎರಡನೇ ಸೆಮಿಸ್ಟರಿನ ಹೊತ್ತಿಗೆ ಬಿಲ್ಲಿನ ಮೊತ್ತ ಕಣ್ಣಿಗೆ ಕಾಣುತ್ತಿತ್ತು, ತಲೆಗೆ ಹೋಗುತ್ತಿರಲಿಲ್ಲ. ಅಡಿಕೆ ವ್ಯಾಪಾರಿಯೊಬ್ಬರ ಅದೇ ಇನ್‌ವಾಯ್ಸನ್ನು ಮತ್ತೆ ಮತ್ತೆ ತೆರೆದು ನೋಡುತ್ತಿದ್ದೆ. ಆಫೀಸಿನಲ್ಲಿ ಮಲಯಾಳ, ಕ್ಲಾಸಿನಲ್ಲಿ ಇಂಗ್ಲಿಷ್, ಬರುವ ಗಿರಾಕಿಗಳಲ್ಲಿ ಅರ್ಧ ಜನ ತುಳುವಿನಲ್ಲಿ ಜಗಳ ಮಾಡುವವರು. ಸಂಜೆಗೆ ಯಾವ ಭಾಷೆಯಲ್ಲೂ ಮಾತು ಬೇಡ ಅನ್ನಿಸುತ್ತಿತ್ತು. ಭಾನುವಾರ ಮಧ್ಯಾಹ್ನದವರೆಗೆ ಮಲಗಿದರೂ ದಣಿವು ಹಾಗೇ. "ಎಂಥಾಯ್ತು ಮಾರಾಯ್ತಿ ನಿಂಗೆ, ಮಾತಾಡಿದ್ರೆ ಕಚ್ಚುದಕ್ಕೇ ಬರ್ತೀಯಲ್ಲ" ಅಂತ ಅಮ್ಮ.

ಮೊದಲು ರಕ್ತ ಪರೀಕ್ಷೆ ಮಾಡಿಸಿದೆ. ಇದನ್ನು ಯಾರೂ ಬಿಡಬಾರದು. ರಕ್ತಹೀನತೆ, ಥೈರಾಯ್ಡ್ ಎರಡೂ ಇದೇ ಥರದ ಸುಸ್ತು ಕೊಡುತ್ತವೆ. ನನಗೆ ಹಿಮೋಗ್ಲೋಬಿನ್ ಕಡಿಮೆ ಇತ್ತು. ಡಾಕ್ಟರು ಕೊಟ್ಟ ಕಬ್ಬಿಣದ ಮಾತ್ರೆಯಿಂದ ಮೆಟ್ಟಿಲು ಹತ್ತುವಾಗಿನ ಏದುಸಿರು ಹೋಯಿತು, ಆಫೀಸಿನ ಬಾಗಿಲು ಕಂಡಾಗಿನ ಬೇಸರ ಹೋಗಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಅನ್ನುವ ರೋಗಗಳ ಪಟ್ಟಿಯಲ್ಲಿ ಬರ್ನೌಟ್ ಒಂದು ಕಾಯಿಲೆಯಾಗಿ ಇಲ್ಲ. ನಿಭಾಯಿಸದೆ ಬಿಟ್ಟ ಕೆಲಸದ ಒತ್ತಡದಿಂದ ಬರುವ ಸ್ಥಿತಿ ಅಂತ ಅದರಲ್ಲಿದೆ: ಶಕ್ತಿ ಬತ್ತುವುದು, ಕೆಲಸದಿಂದ ಮನಸ್ಸು ದೂರವಾಗುವುದು, ಮಾಡಿದ್ದು ಸಾಲದು ಅನ್ನಿಸುವುದು. ನನಗೆ ಮುಖ್ಯವಾದದ್ದು ಒತ್ತಡ ಕೆಲಸದ್ದು ಅನ್ನುವ ಭಾಗ. ಹಾಗಾದರೆ ತಿದ್ದಬೇಕಾದ್ದು ಕೆಲಸದ ಏರ್ಪಾಡನ್ನು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಓದಿ ಅನ್ನುವ ವೀಡಿಯೋಗಳ ಮೇಲೆ ನನಗೆ ನಂಬಿಕೆ ಇಲ್ಲ. ಹನ್ನೊಂದಕ್ಕೆ ಮಲಗುವವಳು ನಾಲ್ಕಕ್ಕೆ ಎದ್ದರೆ ಸಾಲ ಮಾಡಿ ಸಾಲ ತೀರಿಸಿದ ಹಾಗೆ.

ಒಂದೇ ಹಾಳೆಯಲ್ಲಿ ರಿಟರ್ನಿನ ತಾರೀಕುಗಳನ್ನೂ ಕಾಲೇಜಿನ ಇಂಟರ್ನಲ್, ಸೆಮಿನಾರ್, ಅಸೈನ್‌ಮೆಂಟುಗಳನ್ನೂ ಬರೆದೆ. ಬೇರೆ ಬೇರೆ ಡೈರಿಯಲ್ಲಿದ್ದಾಗ ಕಾಣದ್ದು ಆಗ ಕಂಡಿತು: ತಿಂಗಳಿಡೀ ಭಾರ ಇರಲೇ ಇಲ್ಲ, 8ರಿಂದ 20ರ ನಡುವೆ ಎಲ್ಲವೂ ಒಂದರ ಮೇಲೊಂದು ಬೀಳುತ್ತಿತ್ತು. ಹಾಳೆ ಹಿಡಿದು ಟೀಚರ ಹತ್ತಿರ ಹೋಗಿ ನನ್ನ ಸೆಮಿನಾರನ್ನು 22ರ ನಂತರಕ್ಕೆ ಹಾಕಿಸಿಕೊಂಡೆ. ಅವರು ಒಪ್ಪಿದರು, ಹಾಜರಿ ಮಾತ್ರ ಶೇ. 75ಕ್ಕಿಂತ ಇಳಿಯಬಾರದು ಅಂದರು.

ಆಫೀಸಿನಲ್ಲಿ ಮಾತು ಅಷ್ಟು ಸುಲಭ ಇರಲಿಲ್ಲ. "ಕೆಲಸ ಕಡಿಮೆ ಮಾಡಿ ಸರ್" ಅಂದರೆ ಸಂಬಳವೂ ಕಡಿಮೆ ಆಗುತ್ತದೆ. ಅದಕ್ಕೆ ಗಿರಾಕಿಗಳ ಪಟ್ಟಿ ತೆಗೆದೆ. ವಾರ್ಷಿಕ ವಹಿವಾಟು 5 ಕೋಟಿಯೊಳಗೆ ಇರುವವರು ಕ್ಯೂಆರ್‌ಎಂಪಿ ಸ್ಕೀಮಿಗೆ ಹೋಗಬಹುದು, 2021ರ ಜನವರಿಯಿಂದ ಇದೆ. ರಿಟರ್ನು ಮೂರು ತಿಂಗಳಿಗೊಮ್ಮೆ. ನಡುವಿನ ಎರಡು ತಿಂಗಳು ತೆರಿಗೆಯನ್ನು 25ರೊಳಗೆ ಚಲನ್‌ನಲ್ಲಿ ಕಟ್ಟಿದರೆ ಸಾಕು. ಹಾರ್ಡ್‌ವೇರ್, ಬಟ್ಟೆ, ಫ್ಯಾನ್ಸಿ ಅಂಗಡಿಗಳು ಎಷ್ಟೋ ಇನ್ನೂ ತಿಂಗಳ ರಿಟರ್ನಿನಲ್ಲೇ ಇದ್ದವು. ಸಗಟು ವ್ಯಾಪಾರಿಗಳಿಗೆ ಇದು ಅಷ್ಟಾಗಿ ಹೊಂದದು, ಅವರಿಂದ ಕೊಳ್ಳುವವರಿಗೆ ತಿಂಗಳು ತಿಂಗಳೂ ಇನ್‌ಪುಟ್ ಕ್ರೆಡಿಟ್ (ಕೊಳ್ಳುವಾಗ ಕಟ್ಟಿದ ತೆರಿಗೆಯ ವಜಾ) ಕಾಣಬೇಕು. ಚಿಲ್ಲರೆ ಅಂಗಡಿಯವರಿಗೆ ಆ ತಲೆಬಿಸಿ ಇಲ್ಲ. ಸರ್ ಎರಡು ದಿನ ಯೋಚಿಸಿದರು, ಆಮೇಲೆ ಅವರೇ ಫೋನ್ ಮಾಡಿ ಅಂಗಡಿಯವರನ್ನು ಒಪ್ಪಿಸಿದರು. ಮುಂದಿನ ತ್ರೈಮಾಸಿಕದಿಂದ 20ರ ಗದ್ದಲ ಕಣ್ಣಿಗೆ ಕಾಣುವಷ್ಟು ತಗ್ಗಿತು. ಸರ್‌ಗೂ ಲಾಭವೇ: ತಡವಾದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ ಯಾರು ಕಟ್ಟುವುದು ಅಂತ ಗಿರಾಕಿಯ ಜೊತೆ ವಾದ ಮಾಡುವುದು ತಪ್ಪಿತು.

ಉಳಿದದ್ದೆಲ್ಲ ಚಿಲ್ಲರೆ. ಸಂಜೆ ಐದರ ನಂತರ ಚಹಾ ಇಲ್ಲ. ಬಸ್ಸಿನಲ್ಲಿ ಪುಸ್ತಕ ತೆಗೆಯುವುದಿಲ್ಲ, ಗಿರಾಕಿಗಳ ವಾಟ್ಸಾಪನ್ನೂ ನೋಡುವುದಿಲ್ಲ. ಅಮ್ಮನ ಜೊತೆ ಕೂತು ಊಟ, ಆ ಹೊತ್ತಿಗೆ ಓದಿನ ಸುದ್ದಿ ಬೇಡ ಅಂತ ಮಾತಾಗಿದೆ.

ನನ್ನ ಜೊತೆಗೆ ಓದುವವಳೊಬ್ಬಳಿಗೆ ಇದಿಷ್ಟು ಸಾಕಾಗಲಿಲ್ಲ. ನಿದ್ದೆಯೇ ಹೋಗಿತ್ತು, ಅಳು ಬರುತ್ತಿತ್ತು. ಅವಳು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿದಳು. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಕೇರಳದ ಆರೋಗ್ಯ ಸಹಾಯವಾಣಿ ದಿಶಾ 1056 ಕೂಡ ಇದೆ. ಅಂಥ ಸ್ಥಿತಿಯಲ್ಲಿ ತಾರೀಕಿನ ಹಾಳೆ ಹಿಡಿದು ಕೂರುವುದು ಬೇಡ, ಮೊದಲು ಆ ಕರೆ ಮಾಡಿ.

ನನ್ನ ಹಾಳೆಯಲ್ಲಿ ಇನ್ನೂ ಬಗೆಹರಿಯದ್ದು ಮಾರ್ಚ್. ವರ್ಷಾಂತ್ಯದ ಲೆಕ್ಕ, ಪ್ರಾಜೆಕ್ಟ್ ವರದಿ ಎರಡೂ ಅದೇ ತಿಂಗಳು. ಸರ್‌ಗೆ ಡಿಸೆಂಬರಿನಲ್ಲೇ ಹೇಳಿಟ್ಟಿದ್ದೇನೆ, "ನೋಡುವ" ಅಂದಿದ್ದಾರೆ.