‘ಲಿಥಿಯಂ ಸಿಕ್ಕಿತು’ ಎಂಬ ಸುದ್ದಿಯನ್ನು ಓದುವುದು ಹೇಗೆ?

ಮಂಡ್ಯದ ಮರಳಗಾಲದಲ್ಲಿ 14,100 ಟನ್ ಲಿಥಿಯಂ ಇದೆಯೆಂದು 2020ರಲ್ಲಿ ಓದಿ ಹಿಗ್ಗಿದ್ದೆವು. ನೆಲ ಶೋಧಿಸಿದ ಪರಮಾಣು ಖನಿಜ ನಿರ್ದೇಶನಾಲಯ ಮರುವರ್ಷ ಹೇಳಿದ್ದು 1,600 ಟನ್. ಇಂಥ ಸುದ್ದಿ ಮತ್ತೆ ಬಂದೇ ಬರುತ್ತದೆ. ಆಗ ಹೀಗೆ ಓದಿ.

ಹಂತ 1: ಅಂಕಿಯ ಪಕ್ಕ ‘ಜಿ’ ಹುಡುಕಿ. ಶೋಧನೆ ಎಷ್ಟು ಮುಂದುವರಿದಿದೆ ಎಂಬುದರ ಗುರುತು ಅದು. ಜಿ4 ಅಂದರೆ ಮೇಲುಮೇಲಿನ ಸಮೀಕ್ಷೆ, ಜಿ1 ಅಂದರೆ ಪೂರ್ಣ ಶೋಧನೆ. ಜಮ್ಮುವಿನ ರಿಯಾಸಿಯಲ್ಲಿ 2023ರಲ್ಲಿ ಘೋಷಿಸಿದ 59 ಲಕ್ಷ ಟನ್ ಜಿ3 ಹಂತದ್ದು. ಅದೂ ಅದಿರಿನ ತೂಕ, ಲೋಹದ್ದಲ್ಲ.

ಹಂತ 2: ಅಗೆಯುವ ಹಕ್ಕು ಯಾರದು ನೋಡಿ. ಲಿಥಿಯಂ ಪರಮಾಣು ಖನಿಜಗಳ ಪಟ್ಟಿಯಲ್ಲಿದ್ದಷ್ಟು ಕಾಲ ಖಾಸಗಿಯವರಿಗೆ ಬಾಗಿಲು ಮುಚ್ಚಿತ್ತು. 2023ರ ಆಗಸ್ಟ್‌ನಲ್ಲಿ ಗಣಿ ಕಾಯ್ದೆಗೆ ಮಾಡಿದ ತಿದ್ದುಪಡಿ ಅದನ್ನು ತೆರೆಯಿತು. ಈಗ ಹರಾಜು ಕೇಂದ್ರದ್ದು, ಆದಾಯ ರಾಜ್ಯದ್ದು.

ಹಂತ 3: ಅಂದಿನ ಪೇಟೆ ದರ ನೋಡಿ. 2022ರ ಕೊನೆಗೆ ಗಗನಕ್ಕೇರಿದ್ದ ಲಿಥಿಯಂ ದರ 2024ರ ಹೊತ್ತಿಗೆ ಶೇ 80ಕ್ಕೂ ಹೆಚ್ಚು ಕುಸಿದಿತ್ತು. ರಿಯಾಸಿಯ ಮೊದಲ ಹರಾಜಿಗೆ ಮೂವರು ಅರ್ಹ ಬಿಡ್‌ದಾರರೂ ಸಿಗಲಿಲ್ಲ. ಅಲ್ಲಿನ ಜೇಡಿಮಣ್ಣಿನಿಂದ ಲಿಥಿಯಂ ತೆಗೆಯುವ ಕಷ್ಟವೂ ಅದಕ್ಕೆ ಸೇರಿತ್ತು.

ಹಂತ 4: ಶುದ್ಧೀಕರಿಸುವವರು ಯಾರು? ಎಲ್ಲಕ್ಕಿಂತ ಮುಖ್ಯವಾದ, ಸುದ್ದಿಯಲ್ಲಿ ಎಲ್ಲಕ್ಕಿಂತ ಕಡಿಮೆ ಕಾಣಿಸುವ ಪ್ರಶ್ನೆ ಇದು. ಲಿಥಿಯಂನಂತೆ ಬ್ಯಾಟರಿಗೆ ಬೇಕಾದ ಇನ್ನೊಂದು ಲೋಹ ನಿಕಲ್‌ನ ಕಥೆ ನೋಡಿ. ಇಂಡೊನೇಷ್ಯಾ 2020ರ ಜನವರಿಯಲ್ಲಿ ನಿಕಲ್ ಅದಿರಿನ ರಫ್ತು ನಿಲ್ಲಿಸಿತು. ಅದಿರು ಬೇಕಿದ್ದರೆ ಇಲ್ಲೇ ಕಾರ್ಖಾನೆ ಕಟ್ಟಿ ಎಂಬುದು ಅದರ ಪಟ್ಟು. ಚೀನಾ ಕಂಪನಿಗಳು ಹೋಗಿ ಕಟ್ಟಿದವು. ಐರೋಪ್ಯ ಒಕ್ಕೂಟದ ದೂರಿನ ಮೇಲೆ ವಿಶ್ವ ವ್ಯಾಪಾರ ಸಂಸ್ಥೆಯ ಸಮಿತಿ 2022ರಲ್ಲಿ ಇಂಡೊನೇಷ್ಯಾದ ವಿರುದ್ಧ ತೀರ್ಪಿತ್ತರೂ ಅದು ಮೇಲ್ಮನವಿ ಹಾಕಿತೇ ಹೊರತು ಮಣಿಯಲಿಲ್ಲ. ಇಂದು ಜಗತ್ತಿನ ಅರ್ಧಕ್ಕೂ ಹೆಚ್ಚು ನಿಕಲ್ ಅಲ್ಲಿಯದೇ. ಆ ಪ್ರವಾಹದಲ್ಲಿ ದರ ಬಿದ್ದು, 2024ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ‘ನಿಕಲ್ ವೆಸ್ಟ್’ ಕೆಲಸ ನಿಲ್ಲಿಸಿತು. ನೆಲದಡಿ ಅದಿರು ಇದ್ದೂ ಗಣಿ ಮುಚ್ಚಿತು!

ನಮ್ಮ ಕಥೆ ಇನ್ನೊಂದು ಬಗೆಯದು. ಕೇರಳ, ಒಡಿಶಾದ ಕಡಲತೀರದ ಮರಳಿನಲ್ಲಿ ವಿರಳ ಲೋಹಗಳಿವೆ (ರೇರ್ ಅರ್ತ್), ಆದರೆ ಅವುಗಳಿಂದಾಗುವ ಆಯಸ್ಕಾಂತಕ್ಕೆ ಹೆಚ್ಚಾಗಿ ಚೀನಾವೇ ಗತಿ. ಅಮೆರಿಕದ ಸುಂಕಕ್ಕೆ ಉತ್ತರವಾಗಿ 2025ರ ಏಪ್ರಿಲ್‌ನಲ್ಲಿ ಚೀನಾ ಏಳು ವಿರಳ ಲೋಹಗಳಿಗೂ ಆಯಸ್ಕಾಂತಕ್ಕೂ ರಫ್ತು ಪರವಾನಗಿ ಕಡ್ಡಾಯ ಮಾಡಿದಾಗ ಭಾರತದ ವಾಹನ ತಯಾರಕರೂ ಕಂಗಾಲಾದರು. ಆದ್ದರಿಂದ ಸುದ್ದಿಯಲ್ಲಿ ಗಣಿಯೊಂದೇ ಇದ್ದು ಸಂಸ್ಕರಣಾ ಘಟಕದ ಮಾತೇ ಇಲ್ಲದಿದ್ದರೆ ಸ್ವಾವಲಂಬನೆಯ ಘೋಷಣೆಯನ್ನು ನಂಬಬೇಡಿ.

ಹಂತ 5: ಊರಿನವರನ್ನು ಕೇಳಿದರೇ? 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಇಂಥ ಖನಿಜಗಳ ಗಣಿಗಾರಿಕೆಗೆ ಸಾರ್ವಜನಿಕ ಅಹವಾಲು ಸಭೆಯಿಂದ ವಿನಾಯಿತಿ ಕೊಟ್ಟಿತು. ಹೊಲ, ಕೆರೆ ಕಳೆದುಕೊಳ್ಳುವವರ ಮಾತಿಗೆ ಇದ್ದ ಒಂದು ವೇದಿಕೆಯನ್ನೂ ಹೀಗೆ ಕಿತ್ತುಕೊಂಡದ್ದು ತಪ್ಪು. ನಿಮ್ಮ ಊರಿನ ಹೆಸರು ಹರಾಜಿನ ಪಟ್ಟಿಯಲ್ಲಿ ಕಂಡರೆ ಗ್ರಾಮಸಭೆಯಲ್ಲಿ ಮೊದಲು ಇದನ್ನೇ ಎತ್ತಿ.