ಸೈಕಲ್ ಬಣ್ಣದ ಗಿಟಾರ್

ರಾಕ್ ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್ 2020ರ ಅಕ್ಟೋಬರ್ 6ರಂದು ತೀರಿಕೊಂಡ. ಅವನ ಆ ಪಟ್ಟೆಪಟ್ಟೆ ಗಿಟಾರಿನ ಒಂದು ನಕಲನ್ನು ನಾನೇ ಮಾಡಬೇಕು ಅನ್ನೋ ಹುಚ್ಚು ಆ ವಾರವೇ ತಲೆಗೆ ಹೊಕ್ಕಿತು. ಕೊಳ್ಳುವ ಮಾತಂತೂ ಇಲ್ಲ. 2007ರಲ್ಲಿ ಫೆಂಡರ್ ಕಂಪನಿಯವರು ತಂದ 300 ಪ್ರತಿಗಳ ಬೆಲೆ ತಲಾ 25,000 ಡಾಲರ್; ಸಿಗರೇಟು ಸುಟ್ಟ ಕಲೆಯನ್ನೂ ಬಿಡದೆ ನಕಲು ಮಾಡಿದ್ದರು. ಎಡ್ಡಿಗೆ ಅಸಲಿಗೆ ಬಿದ್ದ ಖರ್ಚು? ಆ್ಯಶ್ ಮರದ ಬಾಡಿ 50 ಡಾಲರ್, ನೆಕ್, ಅಂದರೆ ಉದ್ದನೆಯ ಕತ್ತು, 80 ಡಾಲರ್.

ನಾನಿರುವುದು ಸ್ಯಾನ್ ಹೋಸೆಯಲ್ಲಿ, ಕಾರು ಹೊರಗೆ ನಿಲ್ಲಿಸಿದರೆ ಗ್ಯಾರೇಜೇ ಕಾರ್ಖಾನೆ.

ತಂತಿಯ ಅದುರನ್ನು ವಿದ್ಯುತ್ತಾಗಿಸುವ ಭಾಗ ಪಿಕಪ್. ಫೆಂಡರ್‌ನ ಸ್ಟ್ರಾಟ್ ಮಾದರಿಯ ಬಾಡಿಯಲ್ಲಿ ಒಂದೇ ಸುರುಳಿಯ, ಸಿಂಗಲ್ ಕಾಯಿಲ್ ಪಿಕಪ್‌ಗಷ್ಟೇ ಜಾಗ. ಎಡ್ಡಿ ಉಳಿಯಿಂದ ಕೆತ್ತಿ, ಗಿಬ್ಸನ್ ಗಿಟಾರಿನ ಹಂಬಕರ್ ಅನ್ನೋ ಎರಡು ಸುರುಳಿಯ ಪಿಕಪ್ಪನ್ನು ಸ್ವಲ್ಪ ಓರೆಯಾಗಿ ಕೂರಿಸಿದ. ಗಿಬ್ಸನ್‌ನಲ್ಲಿ ತಂತಿಗಳ ನಡುವೆ ಅಂತರ ಕಡಿಮೆ, ಓರೆ ಮಾಡಿದರೆ ಸರಿಹೊಂದುತ್ತದೆ. ಆಂಪ್ ಜೋರು ಮಾಡಿದಾಗ ಕಾಯಿಲಿನ ಎಳೆಗಳು ಅದುರಿ ಕಿರ್ರನೆ ಕೂಗದಿರಲಿ ಅಂತ ಪ್ಯಾರಾಫಿನ್ ಮೇಣದಲ್ಲಿ ಅದ್ದಿದ. ನಾನು ಮೇಣದ ಡಬರಿಯನ್ನು ನೇರ ಒಲೆ ಮೇಲಿಟ್ಟೆ. ಎರಡೇ ನಿಮಿಷ, ಎಳೆ ಸುತ್ತಿದ ಬಾಬಿನ್ ಹಪ್ಪಳದ ಹಾಗೆ ಸೊಟ್ಟಗಾಯಿತು. ಎರಡನೇ ಪಿಕಪ್ ಹೊತ್ತಿಗೆ ಬುದ್ಧಿ ಬಂತು: ಬಿಸಿನೀರೊಳಗೆ ಮೇಣದ ಪಾತ್ರೆ, ಶಾಖ 65 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಮುಳುಗಿಸಿದ ಪಿಕಪ್‌ನಿಂದ ಸಾಸಿವೆಯಷ್ಟು ಗುಳ್ಳೆ ಏಳುತ್ತವೆ. ಅವು ನಿಂತರೆ ಮೇಣ ಒಳಗಿಳಿಯಿತು ಅಂತ.

ಗಿಟಾರಿನ ಕೆಂಪಿನ ಮೇಲೆ ಕಪ್ಪು-ಬಿಳಿ ಪಟ್ಟೆ ಎಳೆದಿದ್ದಾನೆ ಅಂದುಕೊಂಡವರೇ ಹೆಚ್ಚು. ಉಲ್ಟಾ. ಮೊದಲು ಕಪ್ಪು, ಅದರ ಮೇಲೆ ಮಾಸ್ಕಿಂಗ್ ಟೇಪ್, ಆಮೇಲೆ ಬಿಳಿ. ಟೇಪ್ ಕಿತ್ತರೆ ಕಪ್ಪು ಪಟ್ಟೆ. ಅವನ ಬ್ಯಾಂಡಿನ 1978ರ ಮೊದಲ ಆಲ್ಬಂನ ಮುಖಪುಟದಲ್ಲಿರುವುದು ಈ ಅವತಾರ. 1979ರಲ್ಲಿ ಮತ್ತೆ ಟೇಪ್ ಹಚ್ಚಿ ಶ್ವಿನ್ ಸೈಕಲ್ಲಿನ ಕೆಂಪು ಬಣ್ಣ ಹೊಡೆದ. ಅವನು ಮನಸ್ಸಿಗೆ ಬಂದಂತೆ ಅಂಟಿಸಿದ್ದನ್ನು ನಾನು ನಿಜ ಅಳತೆಯ ಫೋಟೋ ಪ್ರಿಂಟ್ ಹಾಕಿಸಿ, ಸ್ಕೇಲ್ ಹಿಡಿದು, ಮೂರು ಸಂಜೆ ಅಂಟಿಸಿದೆ. ಹೆಂಡತಿ ಬಂದು ನೋಡಿ, "ರಂಗೋಲಿಗೂ ಇಷ್ಟು ಚುಕ್ಕಿ ಎಣಿಸಲ್ಲ ರೀ" ಅಂದಳು. ಕೆಂಪು ಪೂರ್ತಿ ಒಣಗಲಿ ಅಂತ ರಾತ್ರಿಯಿಡೀ ಬಿಟ್ಟಿದ್ದೇ ತಪ್ಪಾಯಿತು. ಬೆಳಿಗ್ಗೆ ಟೇಪಿನ ಜೊತೆ ಅಂಚಿನ ಬಣ್ಣವೂ ಚಕ್ಕೆ ಎದ್ದು ಬಂತು. ಅರೆಬರೆ ಒಣಗಿದಾಗಲೇ, ಟೇಪನ್ನು ಹಿಂದಕ್ಕೆ ಮಡಚಿಕೊಂಡು ನಿಧಾನ ಎಳೆಯಬೇಕು. ಆದರೆ ಆ ಚಕ್ಕೆ ಎದ್ದ ಜಾಗವೇ ಅಸಲಿಗೆ ತೀರಾ ಹತ್ತಿರ ಕಾಣುತ್ತದೆ, ಹಾಗೇ ಬಿಟ್ಟೆ.

ತಂತಿಗಳ ಬುಡ ಹಿಡಿದಿರುವ ಫ್ಲಾಯ್ಡ್ ರೋಸ್ ಬ್ರಿಡ್ಜಿನ ಹಿಂದೆ 1971ರ ಕ್ವಾರ್ಟರ್ (25 ಸೆಂಟ್) ನಾಣ್ಯ ಸ್ಕ್ರೂ ಮಾಡಿರುವುದು ಅಲಂಕಾರಕ್ಕಲ್ಲ. ಬ್ರಿಡ್ಜ್ ಅದಕ್ಕೆ ಆನಿಕೊಂಡು ಕೂರುತ್ತದೆ. ಬ್ರಿಡ್ಜಿನ ಸನ್ನೆ ಒತ್ತಿದರೆ ಶ್ರುತಿ ಇಳಿಯುತ್ತದೆ, ಬಿಟ್ಟರೆ ಇದ್ದಲ್ಲಿಗೇ ವಾಪಸ್. ಆ ಇಸವಿಯ ನಾಣ್ಯಕ್ಕಾಗಿ ಎರಡು ತಿಂಗಳು ಸಿಕ್ಕ ಚಿಲ್ಲರೆಯನ್ನೆಲ್ಲ ತಡಕಾಡಿದೆ. ನೆಕ್ ಪಕ್ಕದಲ್ಲಿರುವ ಇನ್ನೊಂದು ಪಿಕಪ್‌ಗೆ ವೈರೇ ಇಲ್ಲ. ನಕಲು ಮಾಡುವವರ ದಾರಿ ತಪ್ಪಿಸಲು ಎಡ್ಡಿ ಇಟ್ಟಿದ್ದು. ಅದನ್ನೂ ನಿಷ್ಠೆಯಿಂದ ನಕಲು ಮಾಡಿದೆ!

ನಾಬ್ ಒಂದೇ. ಮೇಲೆ 'ಟೋನ್' ಅಂತಿದೆ, ಕೆಲಸ ಮಾತ್ರ ವಾಲ್ಯೂಮಿನದು. ಮೊನ್ನೆ ಗೆಳೆಯನೊಬ್ಬ ನುಡಿಸುತ್ತಾ, ನಾದ ಕೊಂಚ ಮೆದುವಾಗಲಿ ಅಂತ ಅದನ್ನು ತಿರುಗಿಸಿದ. ಸದ್ದೇ ಅಡಗಿತು.

"ಏನೋ ಇದು, ವೈರ್ ಕಿತ್ತುಹೋಯ್ತಾ?"

"ಇಲ್ಲ ಕಣೋ, ಸರಿಯಾಗೇ ಇದೆ."